ಕೆಳಗಿಡದ ವೀಣೆ

ಮಾರ್ಚ್ 3, ಬೆಳಿಗ್ಗೆ. ಕಮಲಾಪುರ

ವಿಠ್ಠಲ ಮಂದಿರದಲ್ಲಿ ಭಜನೆಯ ಸಪ್ತಾಹ, ನಾಲ್ಕನೇ ದಿನ. ಅಪ್ಪನ ಪಾಳಿ ಮುಗಿದರೆ ವೀಣೆ ನನ್ನ ಹೆಗಲಿಗೆ. ಏಳು ದಿನ ಅದು ನೆಲ ಮುಟ್ಟುವಂತಿಲ್ಲ, ಕೈಯಿಂದ ಕೈಗೇ ಹೋಗಬೇಕು. ಜನ ಕಡಿಮೆ ಇರುವ ಮಧ್ಯಾಹ್ನವನ್ನೇ ಕೇಳಿಕೊಂಡಿದ್ದೇನೆ. ಯಾರಾದರೂ ನೋಡಿದರೆ ನಾಚಿಕೆ...

ರಸ್ತೆ ಅಗಲ ಮಾಡಬೇಕು, ಮಂದಿರ ಬಿಡಿ ಎಂದು ಸರ್ಕಾರಿ ಸಾಹೇಬರು ಮತ್ತೆ ಬಂದರು. ಮಂದಿರ ನೋಡಿಕೊಳ್ಳುವ ಅನಸೂಯಾಬಾಯಿ ಕೈ ಮುಗಿದಳು.

“ಸಪ್ತಾ ಮುಗೀಲಿ ರೀ. ನಾವ ಬಿಚ್ಚಿ ಕೊಡ್ತೀವಿ.”

“ಆರ್ಡರ್ ಆಗ್ಯಾದ, ಆಯಿ.”

“ವಿಠ್ಠಲ ಇಟ್ಟಂಗಿ ಮ್ಯಾಲ ನಿಂತಾನ. ಅವಗೂ ನೋಟಿಸ್ ಕೊಟ್ಟೀರೇನು?”

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ.

ಮಾರ್ಚ್ 4

ನಳ ಬಂದ್ ಮಾಡಿದ್ದಾರೆ. ಕರೆಂಟೂ ಇಲ್ಲ. ಸುತ್ತ ಪೊಲೀಸ್, ಜೆಸಿಬಿ. ಬಾಗಿಲಿಗೆ ಅಡ್ಡ ಕೂತಿದ್ದೇವೆ. ಕೂಸುಗಳು ನೀರು ಕೇಳುತ್ತಿವೆ. ಇನ್ನೆರಡು ದಿನ ಕಾಯಲು ಇವರಿಗೇನು ರೋಗ?

ಮಾರ್ಚ್ 8. ಕಲಬುರಗಿ, ದವಾಖಾನೆ

ಈಗ ಅನಸೂಯಾಬಾಯಿ ವೀಣೆ ಹಿಡಿದಿದ್ದಾಳೆ, ಅದಕ್ಕೇ ಬರೆಯಲು ನನ್ನ ಕೈ ಖಾಲಿ.

ಐದನೇ ತಾರೀಖು ಪೊಲೀಸರು ಹೊಗೆ ಬಿಟ್ಟು ಮಂದಿರದೊಳಗೆ ನುಗ್ಗಿದರು. ನಮ್ಮವರನ್ನೆಲ್ಲ ಎಳೆದು ಹಾಕಿದರು. ಅಪ್ಪ ಒಬ್ಬನೇ ವೀಣೆ ಹಿಡಿದು ನಿಂತಿದ್ದ.

“ಏ ಭೀಮಶಾ, ಕೆಳಗಿಡು ಅದನ್ನ!” ಇನ್ಸ್‌ಪೆಕ್ಟರ್ ಕೂಗಿದ.

“ತೊಗೊಳ್ಳವ್ರು ಬರ್ಲಿ ರೀ, ಕೊಡ್ತೀನಿ.”

ಮೊಣಕಾಲಿಗೆ ಲಾಠಿ ಬಿತ್ತು. ಬೀಳುವಾಗ ವೀಣೆ ನೆಲಕ್ಕೆ ತಾಗಬಾರದೆಂದು ಅಪ್ಪ ಅದನ್ನು ತಲೆಯ ಮೇಲೆ ಎತ್ತಿದ. ಹೊಡೆಯಲು ಎತ್ತಿದ ಎಂದುಕೊಂಡರು. ಎತ್ತಿದ ಕೈಗೇ ಹೊಡೆದರು. ಕೈ ಮುರಿಯಿತು. ನನ್ನನ್ನು ಹಿಡಿದವರಿಂದ ಬಿಡಿಸಿಕೊಂಡು ಓಡಿ, ನೆಲಕ್ಕೆ ಬೀಳುವ ಮೊದಲೇ ವೀಣೆ ಹಿಡಿದೆ.

ಮಂದಿರ ಈಗ ಮಣ್ಣು. ಕೇಸ್ ಅಪ್ಪನ ಮೇಲೆ — ಪೊಲೀಸರ ಮೇಲೆ ಹಲ್ಲೆಯಂತೆ! ಟಿವಿಯಲ್ಲೂ ಅದೇ. ಮುರಿದ ಕೈಗೆ ಪಟ್ಟಿ, ನೆಟ್ಟಗಿರುವ ಕೈಗೆ ಬೇಡಿ.

ಅಪ್ಪ ಬಿಡುಗಡೆಯಾಗಿ ಬಂದು ತಾನೇ ವೀಣೆ ಇಳಿಸಬೇಕು. ಅಲ್ಲಿಯವರೆಗೆ ಸಪ್ತಾಹ ಮುಗಿಯುವುದಿಲ್ಲ. ನಾನೂ ಅನಸೂಯಾಬಾಯಿಯೂ ಪಾಳಿಯ ಮೇಲೆ ಹೊರುತ್ತೇವೆ.

ಮಾರ್ಚ್ 9

ಪೊಲೀಸ್ ಒಬ್ಬ ಕಾಗದ ತಂದ. “ನಿಮ್ಮಪ್ಪ ಹೊಡಿಲಾಕ ಸಿಟ್ಟಿಲೆ ವೀಣಾ ಎತ್ಯಾನ ಅಂತ ಬರದದ. ಸಹಿ ಮಾಡು, ಲಗೂ ಬಿಡ್ತಾರ. ಸಹಿ ಬರ್ತದಿಲ್ಲೋ?”

“ಓದಾಕೂ ಬರ್ತದ ರೀ.”

ನಾನು ಕಲಿತ ನಾಲ್ಕನೇ ಕ್ಲಾಸು ಅಷ್ಟಕ್ಕೆ ಸಾಕಾಯಿತು. ಸಹಿ ಮಾಡಲಿಲ್ಲ.

ಮಾರ್ಚ್ 10, ಮಧ್ಯಾಹ್ನ. ಕೋರ್ಟಿನ ವರಾಂಡ

ನನ್ನ ಹೆಸರು ಕರೆದಾಗ ವೀಣೆ ನನ್ನ ಹೆಗಲಲ್ಲಿತ್ತು. ಅನಸೂಯಾಬಾಯಿ ಚಹಾ ತರಲು ಹೋಗಿದ್ದಳು. ಬಾಗಿಲ ಪೊಲೀಸ್, “ಕೆಳಗಿಟ್ಟು ಹೋಗು” ಎಂದ. ಮತ್ತೆ ಅದೇ ಮಾತು!

“ಕೆಳಗಿಡಂಗಿಲ್ಲ. ನೀವ ಹಿಡೀರಿ!”

ಅವನ ಕೈಗೇ ಕೊಟ್ಟೆ. ಇಡೀ ವರಾಂಡ ತಿರುಗಿ ನೋಡಿತು. ನೋಡಲಿ.

ಒಳಗೆ ಎಲ್ಲ ಹೇಳಿದೆ. ಅಪ್ಪ ಎತ್ತಿದ್ದು ಹೇಗೆಂದು ನನ್ನ ಕೈ ಎತ್ತಿ ತೋರಿಸಿದೆ. ಜಾಮೀನು ನಾಳೆ ನೋಡೋಣ ಎಂದರು ಜಡ್ಜ್ ಸಾಹೇಬರು. ನಾಳೆಯಂತೆ! ಕೆಡವುವಾಗ ಇವರಿಗೆ ನಾಳೆ ಇರಲಿಲ್ಲ.

ಹೊರಗೆ ಬಂದರೆ ಆ ಪೊಲೀಸ್ ವೀಣೆಯನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದ.

“ಕುರ್ಚಿ ಮ್ಯಾಲೂ ಇಟ್ಟಿಲ್ಲವ್ವ.”

ಖಾಕಿಗೆ ಶರಣು ಎಂದು ಕೈ ಮುಗಿಯಲು ಮನಸ್ಸಾಗಲಿಲ್ಲ; ವೀಣೆ ಇಸಿದುಕೊಂಡು, ಚಹಾ ತಂದ ಅನಸೂಯಾಬಾಯಿಯ ಹೆಗಲಿಗೆ ಕೊಟ್ಟೆ. ಅವತ್ತು ಇವರಲ್ಲಿ ಒಬ್ಬನಾದರೂ ಹೀಗೆ ಕೈ ಚಾಚಿದ್ದರೆ ಅಪ್ಪನ ಕೈ —

ಅನಸೂಯಾಬಾಯಿ ಕರೆಯುತ್ತಿದ್ದಾಳೆ. ನನ್ನ ಪಾಳಿ