ನಳದ ಪಾನಾ

ರೀ ಆಚಾರ್ರ,

ಅಡಿಗಿಮನಿ ನಳ ಸೋರೋದು ನಿಂತದ, ನಿಮ್ಮ ಪುಣ್ಯದಿಂದಲ್ಲ.

ಒಳಗ ಬಂದ್ರ ಮಡಿ ಕೆಡ್ತದ ಅಂತ ನಳ ರಿಪೇರಿ ಪ್ರಭುರಾಜನ್ನ ಹೊಸ್ತಿಲಿಂದನ ಕಳಿಸಿದ್ರಿ. ಆಮ್ಯಾಲ ಪಕ್ಕಡ ಹಿಡಿದು ಕುಸ್ತಿ ಮಾಡಿ, ನಳದ ಮೈಯೆಲ್ಲಾ ಗೀರಿ, ಸೋರೋ ಕಡಿ ಹಳೇ ಜನಿವಾರ ಸುತ್ತಿದ್ರಿ. ಶಭಾಶ್! ತಿಂಗಳೊಪ್ಪತ್ತು ಬಕೇಟ್ ಎತ್ತಿ ಚೆಲ್ಲಿದಾಕಿ ನಾನು.

ನಿನ್ನೆ ಅವನ ಕಡಿಂದನ, ನಳದೊಳಗ ನೀರು ತಡಿಯೋ ಕಾರ್ಟ್ರಿಡ್ಜ್ ಬಿಚ್ಚೋ ಪಾನಾ ಇಸ್ಕೊಂಡು ಬಂದೆ. ಸವೆದದ್ದು ತೆಗೆದು ಹೊಸಾದು ಕೂಡಿಸಲಿಕ್ಕೆ ಹತ್ತು ನಿಮಿಷ ಸಾಕಾತು.

ಮಾನ್ವಿ ಬಸ್ಸಿಗೆ ಹೊಂಟೀನಿ. ಸಾರು ಬಿಸಿ ಮಾಡ್ಕೋರಿ. ನಿಮ್ಮ ಜನಿವಾರ ತುಳಸಿಕಟ್ಟಿ ಮ್ಯಾಲ ಅದ.

ಪಾನಾ ತೊಳದು, ನಿಮ್ಮ ಮಡಿಬಟ್ಟಿ ಹಾಕೋ ಮಡಿಕೋಲಿಗೆ ತೂಗುಹಾಕೀನಿ. ಸಂಜಿಕ ಪ್ರಭುರಾಜ ಬರ್ತಾನ. ಒಳಗ ಕರೀರಿ, ತಾನ ಇಳಿಸಿಕೊಳ್ಳಲಿ. ನೀವು ಮುಟ್ಟಬ್ಯಾಡ್ರಿ, ಪಾನಾ ಮೈಲಿಗಿ ಆಗ್ತದ.

ವೇದಶ್ರೀ