ಫ್ರೀಜರ್ ಪೆಟ್ಟಿಗೆಯ ಫೋನು

ಏಪ್ರಿಲ್ ೩, ಗುರುವಾರ

ಒಂಬತ್ತೂವರೆಗೆ ಶಟರ್ ಎತ್ತಿದ್ದು. ಹತ್ತಕ್ಕೆ ಮೊದಲ ಫೋನು. ಸಾಲದ್ದಲ್ಲ, ಠೇವಣಿಯದ್ದೂ ಅಲ್ಲ — ಪೆಟ್ಟಿಗೆ ಬೇಕು. ಪೇಟೆ ಓಣಿಯ ಅಜ್ಜ ತೀರಿಕೊಂಡಿದ್ದಾರೆ, ಮಗಳು ಸೊಲ್ಲಾಪುರದಿಂದ ಬರಬೇಕು. ಹೆಸರು ಬರೆದುಕೊಂಡೆ. ಡ್ರೈವರ್ ಬಾಳೇಶನಿಗೆ ಹೇಳಿದೆ. ಹಿತ್ತಲ ಶೆಡ್ಡಿನಿಂದ ಟಾಟಾ ಏಸ್‌ಗೆ ಹೇರಿಕೊಂಡು ಹೊರಟೇಬಿಟ್ಟ. ಇಪ್ಪತ್ತು ನಿಮಿಷ. ನಮ್ಮ ಪತ್ತಿನ ಸೊಸೈಟಿಯ ನೇಸರಗಿ ಶಾಖೆಯಲ್ಲಿ ಇಷ್ಟು ಚುರುಕಾಗಿ ಆಗುವ ಕೆಲಸ ಇದೊಂದೇ.

ಹೆಣ ಕೆಡದಂತೆ ಇಡುವ ಈ ಫ್ರೀಜರ್ ಪೆಟ್ಟಿಗೆ ನಮ್ಮದು. ನಮ್ಮದು ಅಂದರೆ ಸೊಸೈಟಿಯದಲ್ಲ, ಸಿಬ್ಬಂದಿಯದು. ಹೋದ ವರ್ಷ ಬೈಲಹೊಂಗಲದ ಹೆಡ್ ಆಫೀಸಿನಿಂದ ಹಿಡಿದು ಕಿತ್ತೂರು, ಸವದತ್ತಿ, ರಾಮದುರ್ಗದ ಶಾಖೆಗಳ ತನಕ ಎಲ್ಲರೂ ಒಂದು ದಿನದ ಸಂಬಳ ಬಿಟ್ಟು ಕೊಂಡದ್ದು. ಸದಸ್ಯರಿರಲಿ ಇಲ್ಲದಿರಲಿ, ಸುತ್ತಲ ಊರವರಿಗೆಲ್ಲ ಪುಕ್ಕಟೆ. ದೂರ ಇರುವ ಮಕ್ಕಳಿಗೆ ಹೆತ್ತವರ ಮುಖ ಸಿಗಲಿ ಅಂತ. ಈ ಸೊಸೈಟಿಯ ಬಗ್ಗೆ ನನಗೆ ಹೆಮ್ಮೆ ಇರುವುದು ಅಷ್ಟರ ಮಟ್ಟಿಗೆ.

ಫೆಬ್ರವರಿಯಿಂದ ಪೆಟ್ಟಿಗೆಯ ಫೋನು ನನ್ನ ಟೇಬಲ್ ಮೇಲಿದೆ. ಮ್ಯಾನೇಜರ್ ಕಲ್ಮೇಶ ಸರ್ ತಾವೇ ತಂದಿಟ್ಟರು. “ನಿನ್ನ ಮಾತು ಮೆತ್ತಗ ಅದಾವವ್ವಾ ಪ್ರಜ್ಞಾ. ದುಃಖದಾಗ ಇದ್ದವರಿಗೆ ಇಂಥಾ ದನಿ ಬೇಕು.” ಮನೆಯಲ್ಲಿ ಹೇಳಿದೆ. ಅವ್ವ ಬಿದ್ದು ಬಿದ್ದು ನಕ್ಕಳು.

ಸಿಟ್ಟು ಬರುವುದು ಫೋಟೋಕ್ಕೆ. ಪ್ರತಿ ಮನೆಯಲ್ಲೂ ಪೆಟ್ಟಿಗೆಯ ಪಕ್ಕ ಸಿಬ್ಬಂದಿ ಕೈ ಮುಗಿದು ನಿಂತ ಫೋಟೋ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಕಂತೆ. ಹೆಣ ಹಿಂದೆ, ಸರ್ ಮುಂದೆ. ನಾಚಿಕೆಯಾದರೂ ಬೇಡವೇ?

ಏಪ್ರಿಲ್ ೧೫, ಮಂಗಳವಾರ

ನಿನ್ನೆ ಜಯಂತಿ. ನಮ್ಮ ಓಣಿಗೆ ಸರ್ ಬಂದಿದ್ದರು, ಸೊಸೈಟಿಯ ನಿರ್ದೇಶಕ ಮಾಳಪ್ಪನವರೂ ಬಂದಿದ್ದರು. ಬಾಬಾಸಾಹೇಬರಿಗೆ ಹಾರ, ಮಕ್ಕಳಿಗೆ ನೋಟ್‌ಬುಕ್ಕು. ನನ್ನನ್ನು ಎಳೆದು ಮುಂದೆ ನಿಲ್ಲಿಸಿಕೊಂಡರು. “ಈ ಓಣಿ ಹುಡುಗಿ, ನಮ್ಮ ಸೊಸೈಟ್ಯಾಗ!” ಅಂತ ಮೈಕಿನಲ್ಲಿ. ಬಿ.ಕಾಂ. ಫಸ್ಟ್ ಕ್ಲಾಸ್ ಅಂತ ಮಾತ್ರ ಹೇಳಲಿಲ್ಲ.

ನಮ್ಮ ಓಣಿಯ ಕೆಂಪವ್ವ ಶರಬತ್ತು ಹಿಡಿದುಕೊಂಡು ಬಂದಳು. ಮಾಳಪ್ಪನವರು ಕೈ ಅಡ್ಡ ಮಾಡಿ, “ಶುಗರ್ ಐತಿ ನಂಗ” ಅಂದರು. ಆಫೀಸಿನಲ್ಲಿ ಸಿಹಿ ಕುಂದಾದ ಡಬ್ಬಿ ಖಾಲಿ ಮಾಡುವವರು ಇವರೇ! ಅವರು ಕಾರು ಹತ್ತಿದ ಮೇಲೆ ಕೆಂಪವ್ವ, “ಸಾಹೇಬ್ರಿಗೆ ಶುಗರ್ ನಮ್ಮ ಓಣ್ಯಾಗ ಅಷ್ಟ ಬರತೈತೇನ?” ಅಂತ ಕೇಳಿ ತಾನೇ ಆ ಲೋಟ ಕುಡಿದಳು. ಎಪ್ಪತ್ತೆರಡು ವರ್ಷ. ಬಾಯಿಗೆ ಬೀಗ ಇಲ್ಲ.

ಏಪ್ರಿಲ್ ೨೨, ಮಂಗಳವಾರ

ಕೆಂಪವ್ವ ಹೋದಳು. ಬೆಳಗ್ಗೆ ಎಂಟಕ್ಕೆ, ಚಹಾ ಕುಡಿಯುತ್ತ ಕುಳಿತವಳು ಹಾಗೇ.

ಮಗ ಅಜಿತ ಲಾರಿ ಡ್ರೈವರ್. ಲೋಡ್ ಒಯ್ದು ನಾಗಪುರದಲ್ಲಿದ್ದಾನೆ. ಅಲ್ಲಿಂದ ಬರಲು ಒಂದು ದಿನದ ಮೇಲೆ ಬೇಕು. ಒಂಬತ್ತೂವರೆಗೆ ಕೆಂಪವ್ವನ ತಮ್ಮ ಲಗಮಪ್ಪ ಕಾಕಾ ಫೋನ್ ಮಾಡಿದ. ನಾನು ಬರೆದುಕೊಂಡು ಎದ್ದೆ. ಸರ್ ತಡೆದರು. “ಕಂಪ್ರೆಸರ್ ಹೋಗೇತವ್ವಾ. ನಿನ್ನೆ ಸಂಜೀಕ ಬೆಳಗಾವಿಗೆ ರಿಪೇರಿಗೆ ಕಳಿಸೇನಿ.”

ಇಂಥ ದಿನವೇ ಕೆಡಬೇಕೇ! ಕಾಕಾನಿಗೆ ಹೇಳಿದೆ.  “ಬ್ಯಾರೆ ಯಾರರ ಹೇಳಿದ್ರ ನಂಬತಿರಲಿಲ್ಲ ತಂಗಿ. ನೀ ಹೇಳಿದಿ ಅಂದ್ಮ್ಯಾಲೆ ಖರೇನ ಇರತೈತಿ” ಅಂದ.

ಹುಡುಗರು ಬೈಲಹೊಂಗಲದ ಐಸ್ ಫ್ಯಾಕ್ಟರಿಯಿಂದ ಚೀಲದಲ್ಲಿ ಮಂಜುಗಡ್ಡೆ ತರುತ್ತಿದ್ದಾರೆ. ಬೈಕಿನ ಮೇಲೆ ಬರುವಷ್ಟರಲ್ಲಿ ಅರ್ಧ ನೀರು. ಸಂಜೆ ಹೋದಾಗ ಹೊಸ್ತಿಲು ದಾಟಿ ನೀರು ಹರಿಯುತ್ತಿತ್ತು. ಅವ್ವ ಒರೆಸುತ್ತಲೇ ಇದ್ದಳು. ಎಂಥ ಬಿಸಿಲು… ಮುಖ ಬದಲಾಗುತ್ತಿದೆ.

ಏಪ್ರಿಲ್ ೨೩, ಬುಧವಾರ

ಬೆಳಗ್ಗೆ ಹತ್ತೂವರೆಗೆ ಮಣ್ಣು ಮಾಡಿದರು. ಇನ್ನು ಇಡುವ ಹಾಗಿರಲಿಲ್ಲ. ಅಜಿತ ಬಂದದ್ದು ಹನ್ನೆರಡು ಕಾಲಿಗೆ.

ಹಸಿ ಮಣ್ಣಿನ ಮುಂದೆ ಕುಳಿತ. ಅಳಲಿಲ್ಲ. ಮಷಿನ್ ಕೆಟ್ಟಿತ್ತು ಅಂತ ನಾನೇ ಹೋಗಿ ಹೇಳಿದೆ. “ಮಷಿನ್ ಅಂದ್ರ ಕೆಡತಾವ್ವಾ, ಅದಕ್ಕ ಯಾರೇನ್ ಮಾಡಾಕಾಗತೈತಿ” ಅಂದ. ನನಗೇ ಸಮಾಧಾನ ಹೇಳಿದ.

ಮೇ ೫, ಸೋಮವಾರ, ಮಧ್ಯಾಹ್ನ ೩

ಇದನ್ನು ಈಗಲೇ ಬರೆಯಬೇಕು.

ವಾರ್ಷಿಕ ಸಭೆಗೆ ಸಮಾಜ ಸೇವಾ ವರದಿ ಮಾಡು ಅಂದಿದ್ದರು. ಸವದತ್ತಿಯವರ ಮಜ್ಜಿಗೆ ಸ್ಟಾಲು, ಕಿತ್ತೂರಿನವರ ಕಣ್ಣಿನ ಕ್ಯಾಂಪು, ರಾಮದುರ್ಗದವರು ಭಾನುವಾರ ಶಾಲೆ ಮಕ್ಕಳಿಗೆ ಹೇಳುವ ಇಂಗ್ಲಿಷ್ ಪಾಠ — ಎಲ್ಲ ಚೆನ್ನಾಗಿಯೇ ಇದೆ. ಗ್ರೂಪಿನ ಫೋಟೋಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದೆ. ಏಪ್ರಿಲ್ ೨೨ರದ್ದು ಒಂದು ಸಿಕ್ಕಿತು. ಆ ದಿನ ಕೆಂಪವ್ವನ ಮನೆಯ ಗಡಿಬಿಡಿಯಲ್ಲಿ ನಾನು ಗ್ರೂಪ್ ತೆರೆದೇ ಇರಲಿಲ್ಲ. ದೇಗಾಂವದಲ್ಲಿ ಮಾಳಪ್ಪನವರ ಬೀಗರ ಮನೆ. ಮಧ್ಯಾಹ್ನ ೧-೪೦. ಸರ್ ಕೈ ಮುಗಿದು ನಿಂತಿದ್ದಾರೆ. ಪಕ್ಕದಲ್ಲಿ ಪೆಟ್ಟಿಗೆ. ನಮ್ಮದೇ. ಹಸಿರು ದೀಪ ಉರಿಯುತ್ತಿದೆ.

ಬಾಳೇಶನನ್ನು ಶೆಡ್ಡಿಗೆ ಕರೆದು ಫೋಟೋ ತೋರಿಸಿದೆ. “ನನ್ನ ಕೇಳಬ್ಯಾಡ್ರಿ ಅಕ್ಕಾರ” ಅಂದ. ಕೇಳಿದೆ. ಮತ್ತೆ ಕೇಳಿದೆ.

“ಬೆಳಗಾವಿಗೆ ಎಲ್ಲಿ ಹೋಗಿತ್ರಿ ಅದು? ನೀವು ಫೋನ್‌ನ್ಯಾಗ ಮಾತಾಡುಮುಂದ ಇಲ್ಲೇ ಇತ್ತು. ನಾ ಒರಸಾಕ ಹತ್ತಿದ್ದೆ. ಹನ್ನೆರಡಕ್ಕ ದೇಗಾಂವದಿಂದ ಸರ್ ಮೊಬೈಲಿಗೆ ಫೋನ್ ಬಂತು, ಒಯ್ದೆ.”

“ಫೆಬ್ರವರಿಯೊಳಗ ನಮ್ಮ ಓಣಿ ಯಮನಪ್ಪಜ್ಜ ಸತ್ತಾಗ? ಬುಕ್ ಆಗೇತಿ ಅಂತ ಸರ್ ನನ್ನ ಕಡೆಯಿಂದ ಹೇಳಿಸಿದ್ರಲ್ಲ?”

ಆಗಿರಲಿಲ್ಲ ಅಂತ ಅವನು ತಲೆ ಅಲ್ಲಾಡಿಸಿದ.

ಎರಡು ಸಲ. ಎರಡೂ ಸಲ ನನ್ನ ಬಾಯಿಂದ. ಮೆತ್ತಗಿನ ದನಿಯಂತೆ! ಈ ಫೋನು ನನ್ನ ಟೇಬಲ್ಲಿಗೆ ಯಾಕೆ ಬಂತು ಅಂತ ಈಗ ತಿಳಿಯಿತು. ಥೂ.

ಮೇ ೬, ಮಂಗಳವಾರ

ಕೇಳಿಯೇಬಿಟ್ಟೆ. ಸರ್ ಕೇಬಿನ್ ಬಾಗಿಲು ಹಾಕಲು ಎದ್ದರು. ತೆರೆದೇ ಇರಲಿ ಸರ್ ಅಂದೆ.

ಸುಳ್ಳು ಹೇಳಲಿಲ್ಲ, ಅದೊಂದು. ಚಹಾ ತರಿಸಿದರು. “ನನ್ನ ಮನಸಿನ್ಯಾಗ ಏನೂ ಇಲ್ಲವ್ವಾ. ಆದ್ರ ಒಮ್ಮೆ ನಿಮ್ಮ ಓಣ್ಯಾಗ ಇಟ್ಟು ತಂದ್ರ ಆಮ್ಯಾಲೆ ಉಳಿದ ಮಂದಿ ಒಯ್ಯಂಗಿಲ್ಲ. ಪೆಟ್ಟಿಗಿ ಧೂಳು ತಿಂದ್ಕೊಂತ ಬೀಳತೈತಿ. ಯಾರಿಗೂ ಉಪಯೋಗ ಇಲ್ಲ. ಹೆಡ್ ಆಫೀಸಿನ ಮ್ಯಾಲಿನವರು ಹಂಗ ಹೇಳ್ಯಾರ.”

“ಒಂದು ದಿನದ ಪಗಾರ ತೊಗೊಳ್ಳುಮುಂದ ನಂದೂ ತೊಗೊಂಡ್ರಿ ಸರ್. ಅದನ್ನ ಮುಟ್ಟಂಗಿಲ್ಲ ಅಂತ ಯಾರೂ ಅನ್ನಲಿಲ್ಲ.”

ಚಹಾದ ಕಪ್ಪು ನನ್ನ ಕಡೆ ಸರಿಸಿದರು. ಫೋನಿಗೆ ನನ್ನನ್ನು ಯಾಕೆ ಕೂಡಿಸಿದಿರಿ ಅಂತ ಕೇಳಿದೆ. ಕ್ಯಾಲೆಂಡರ್ ನೋಡುತ್ತ ಹೇಳಿದರು: “ನೀ ಹೇಳಿದ್ರ ನಿಮ್ಮ ಮಂದಿ ಬೇಜಾರ ಮಾಡ್ಕೊಳ್ಳಂಗಿಲ್ಲ ಅಂತ.”

ಬೇಜಾರು!  ಕಪ್ಪು ಅಲ್ಲೇ ಇಟ್ಟು ಬಂದೆ. ಇವರು ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನ್ನ ಮದುವೆ ಖರ್ಚಿನ ಬಗ್ಗೆ ವಿಚಾರಿಸುವ, ಅವ್ವನ ಕಾಲು ನೋವಿಗೆ ಡಾಕ್ಟರ್ ನಂಬರ್ ಕೊಡುವ ಮನುಷ್ಯ ಇವರೇ.

ಅವ್ವನಿಗೆ ಹೇಳಿದೆ. ಅಂಗನವಾಡಿಯಲ್ಲಿ ಸಹಾಯಕಿ, ಇಪ್ಪತ್ತು ವರ್ಷ ಎಲ್ಲರ ಮಾತು ನುಂಗಿಕೊಂಡು ಬಂದವಳು — ನೌಕರಿ ನೋಡ್ಕೋ ಅನ್ನುತ್ತಾಳೆ ಅಂದುಕೊಂಡಿದ್ದೆ. “ಮೊದಲ ಅಜಿತಗ ಹೇಳು. ಅವಂಗ ಹೇಳದ ನನ್ನ ಮುಂದ ಉಣ್ಣಾಕ ಕೂಡಬ್ಯಾಡ” ಅಂದಳು ನಮ್ಮವ್ವ ಯಶೋದಾಬಾಯಿ.

ಅಜಿತ ಲೋಡ್ ಒಯ್ದಿದ್ದಾನೆ. ಹುಣ್ಣಿಮೆಗೆ ಬರುತ್ತಾನಂತೆ.

ಮೇ ೧೨, ಸೋಮವಾರ

ಬುದ್ಧ ಪೂರ್ಣಿಮೆ. ವಿಹಾರದಲ್ಲಿ ವಂದನೆ ಮುಗಿದ ಮೇಲೆ ಅಜಿತನನ್ನು ಹೊರಗೆ ಕರೆದೆ. ಬೇವಿನ ಗಿಡದ ಕೆಳಗೆ. ಫೋಟೋ ತೋರಿಸಿದೆ, ಎಲ್ಲ ಹೇಳಿದೆ. ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧಳಾಗಿದ್ದೆ.

ಬಹಳ ಹೊತ್ತು ಫೋಟೋ ನೋಡಿದ. ಆಮೇಲೆ ಹೇಳಿದ:

“ನಾಗಪುರದಿಂದ ಬರುಮುಂದ ಸೊಲ್ಲಾಪುರದ ಹಂತ್ಯಾಕ ಕಣ್ಣು ಮುಚ್ಚಾಕ ಹತ್ತಿದ್ದುವು. ಗಾಡಿ ಬದೀಗೆ ಹಾಕಿ ಎರಡು ತಾಸು ಮಲಗಿದ್ನಿ. ಆ ಎರಡು ತಾಸು ಮಲಗದಿದ್ರ ಅವ್ವನ ಮಾರಿ ಸಿಗತಿತ್ತು ಅಂತ… ಅವತ್ತಿಂದ ಅದನ್ನ ತಲ್ಯಾಗ ಇಟ್ಕೊಂಡು ಗಾಡಿ ಹೊಡ್ಯಾಕ ಹತ್ತೇನಿ.”

ಅಷ್ಟೇ. ಎದ್ದು ಹೋದ.

ಇಪ್ಪತ್ತು ದಿನ! ಈ ಮನುಷ್ಯ ಇಪ್ಪತ್ತು ದಿನ ತನ್ನ ನಿದ್ದೆಯನ್ನು ಶಪಿಸಿಕೊಂಡು ತಿರುಗಿದ್ದಾನೆ. ಪೆಟ್ಟಿಗೆ ಒಂದೂವರೆ ಕಿಲೋಮೀಟರ್ ಆಚೆ ಶೆಡ್ಡಿನಲ್ಲಿತ್ತು. ಯಾರಿಗೆ ಬಯ್ಯಲಿ? ನನಗೇ ಬಯ್ದುಕೊಂಡೆ. ಸಾಕಾಗಲಿಲ್ಲ.

ಮೇ ೨೧, ಬುಧವಾರ, ಸಂಜೆ

ಬೆಳಗ್ಗೆ ಆರಕ್ಕೆ ರಾಚವ್ವ ತೀರಿಕೊಂಡಳು. ನಮ್ಮ ಓಣಿ. ಮಗಳು ಮಡಗಾಂವದಲ್ಲಿ, ಸಂಜೆಯಾಗುತ್ತದೆ ಬರಲು. ಲಗಮಪ್ಪ ಕಾಕಾ ಈ ಸಲ ಪೆಟ್ಟಿಗೆ ಕೇಳಲು ಫೋನೇ ಮಾಡಲಿಲ್ಲ. ಐಸ್ ತರಲು ಚೀಲ ಹುಡುಕುತ್ತಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. “ಪೆಟ್ಟಿಗಿ ಐತಿ ಕಾಕಾ. ತರತೇನಿ.”

ಶೆಡ್ಡಿಗೆ ಬೀಗ. ಸರ್‌ಗೆ ಫೋನ್ ಮಾಡಿದರೆ, “ಕೀಲಿ ಹೆಡ್ ಆಫೀಸಿಗೆ ಹೋಗೇತಿ, ಹುಚ್ಚುತನ ಮಾಡಬ್ಯಾಡ.” ಬಾಳೇಶ ಟಾಟಾ ಏಸ್ ಒರೆಸುತ್ತ ನನ್ನ ಕಡೆ ನೋಡದೆ ಅಂದ: “ಎರಡನೇ ಕೀಲಿ ನನ್ನ ಕಿಸೇದಾಗ ಐತಿ. ಆದ್ರ ನಾ ಕೊಟ್ಟಿಲ್ರೀ ಅಕ್ಕಾರ, ನೀವ ಕಸಗೊಂಡೀರಿ. ಗಾಡೀನೂ ಕೊಡಾಕ ಬರಂಗಿಲ್ಲ.” ಕಿಸೆಗೆ ಕೈ ಹಾಕಿ ಕಸಿದುಕೊಂಡೆ. ಅವನು ಕೈ ಎತ್ತಿ ಅನುಕೂಲ ಮಾಡಿಕೊಟ್ಟ.

ಗಾಡಿ ಅಜಿತ ತಂದ. ಹತ್ತು ಚಕ್ರದ ಲಾರಿ! ಸೊಸೈಟಿಯ ಗೇಟಿನಲ್ಲಿ ಹಿಡಿಸಲಿಲ್ಲ, ರಸ್ತೆಯಲ್ಲೇ ನಿಲ್ಲಿಸಿದ. ಆರು ಜನ ಪೆಟ್ಟಿಗೆ ಹೊತ್ತು ಏರಿಸಿದರು. ಪೇಟೆಯವರು ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು. ಯಾರೂ ಕೂಗಾಡಲಿಲ್ಲ, ನಮ್ಮವರೂ, ಅವರೂ.

ರಾಚವ್ವನ ಮಗಳು ಐದಕ್ಕೆ ಬಂದಳು. ಅವ್ವನ ಮುಖ ನೋಡಿದಳು. ಗಾಜಿನ ಮೇಲೆ ಹನಿ ಕಟ್ಟುತ್ತದಲ್ಲ — ಬೆಳಗಿನಿಂದ ಅಜಿತ ಅಲ್ಲೇ ಕುಳಿತು ಟವೆಲ್ಲಿನಿಂದ ಒರೆಸುತ್ತಿದ್ದ. ಅವಳು ಬಂದ ಮೇಲೂ ಒರೆಸುತ್ತಲೇ ಇದ್ದ. ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಬಂದೆ.

ಮೇ ೨೨, ಗುರುವಾರ

ಮೆಮೋ ಬಂತು. ಅನುಮತಿಯಿಲ್ಲದೆ ಸಂಸ್ಥೆಯ ಆಸ್ತಿ ಸಾಗಿಸಿದ್ದಕ್ಕೆ ಏಳು ದಿನದಲ್ಲಿ ಲಿಖಿತ ಉತ್ತರ. ಕೊಡುತ್ತೇನೆ. ಫೋಟೋ ಲಗತ್ತಿಸಿ ಕೊಡುತ್ತೇನೆ.

ಪೆಟ್ಟಿಗೆಯನ್ನು ಯಾವಾಗಲೂ ಫಿನಾಯಿಲ್ ಹಾಕಿ ಒಮ್ಮೆ ತೊಳೆಯುತ್ತಾರೆ. ಇವತ್ತು ಮೂರು ಸಲ ತೊಳೆಸಿದರು. ಮೂರನೆಯ ಸಲಕ್ಕೆ ಬಾಳೇಶ ಬಕೆಟ್ ಒದ್ದ.

ಸರ್ ಹೇಳಿದರು: “ನೋಡ್ತಿರು, ಇನ್ನ ಒಬ್ಬರೂ ಕೇಳಂಗಿಲ್ಲ. ಸೋಮವಾರ ಸಂಜೀತನ ಯಾರೂ ಒಯ್ಯಲಿಲ್ಲ ಅಂದ್ರ ಬೈಲಹೊಂಗಲದ ಗೋಡೌನಿಗೆ ಹಾಕಂತ ಹೇಳ್ಯಾರ.” ಅಂದರೆ ನಮಗೂ ಇಲ್ಲ, ಯಾರಿಗೂ ಇಲ್ಲ. ಎಂಥ ನ್ಯಾಯ ನೋಡು! ಫೋನು ಮಾತ್ರ ನನ್ನ ಟೇಬಲ್ ಮೇಲೇ ಬಿಟ್ಟಿದ್ದಾರೆ. ಬಾರದ ಫೋನು ಎದುರಿಗಿಟ್ಟುಕೊಂಡು ಕೂರಲಿ ಅಂತ.

ಮೇ ೨೪, ಶನಿವಾರ

ಪೇಟೆಯಲ್ಲಿ ಒಂದು ಸಾವು. ಫೋನಿಲ್ಲ. ಮಂಜುಗಡ್ಡೆ ತಂದರಂತೆ. ಅವರ ಮನೆಯ ಹೊಸ್ತಿಲಲ್ಲೂ ನೀರು ಹರಿದಿರಬೇಕು. ಖುಷಿಪಡಲು ನೋಡಿದೆ. ಆಗಲಿಲ್ಲ.

ಮೇ ೨೬, ಸೋಮವಾರ, ಮಧ್ಯಾಹ್ನ ೪-೧೦

ಸರ್ ಗೋಡೌನಿಗೆ ಕಳಿಸುವ ಚೀಟಿ ಬರೆದಿಟ್ಟಿದ್ದಾರೆ. ಐದಕ್ಕೆ ಗಾಡಿ.

ಈಗ ಫೋನು ಬಂತು. ದೊಡ್ಡ ಮನೆಯವರು, ದನಿಯಿಂದಲೇ ತಿಳಿಯುತ್ತದೆ. ತಂದೆ ಹೋಗಿದ್ದಾರೆ. ತಮ್ಮ ಸೈನ್ಯದಲ್ಲಿ, ಜಮ್ಮುವಿನಿಂದ ಹೊರಟಿದ್ದಾನೆ, ನಾಳೆ ಮಧ್ಯಾಹ್ನ ಮುಟ್ಟುತ್ತಾನೆ.

“ಪೆಟ್ಟಿಗಿ ಐತೇನ್ರಿ?”

“ಐತ್ರಿ.”

“ಅಲ್ರೀ… ಮೊನ್ನೆ ಆ ಓಣಿಗೆ ಹೋಗಿತ್ತಂತ, ಖರೇನ?”

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಸರ್ ಕೇಬಿನ್ನಿನಿಂದ ಕೈ ಸನ್ನೆ ಮಾಡಿ ಇಲ್ಲ ಅನ್ನು, ಇಲ್ಲ ಅನ್ನು ಅನ್ನುತ್ತಿದ್ದರು. ಪೆಟ್ಟಿಗೆ ಉಳಿಯುತ್ತಿತ್ತು, ನೌಕರಿಯೂ ಉಳಿಯುತ್ತಿತ್ತೇನೋ.

“ಖರೇರಿ. ನಮ್ಮ ಓಣಿ ರಾಚವ್ವ ಮಲಗಿದ್ಳು ಅದರಾಗ. ಆಕಿ ಮಗಳು ಆಕಿ ಮಾರಿ ನೋಡಿದ್ಳು. ನಿಮಗ ಬೇಕಾದ್ರ ಹೇಳ್ರಿ, ಇಪ್ಪತ್ತು ನಿಮಿಷದಾಗ ಕಳಸತೇನಿ.”

ಅವರು ಫೋನು ಬಾಯಿಂದ ದೂರ ಹಿಡಿದರು. ಹಿಂದೆ ಹೆಂಗಸರು ಅಳುವುದು ಕೇಳಿಸುತ್ತಿದೆ. ಯಾರೋ ಯಾರನ್ನೋ ಕೇಳುತ್ತಿದ್ದಾರೆ. ಫೋನು ಇಟ್ಟಿಲ್ಲ. ನಾನೂ ಇಟ್ಟಿಲ್ಲ, ಎಡಗೈಯಲ್ಲಿ ಹಿಡಿದೇ ಬರೆಯುತ್ತಿದ್ದೇನೆ. ಬಾಳೇಶ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಗೋಡೌನಿಗೋ, ಆ ಮನೆಗೋ ಅವನಿಗೂ ಗೊತ್ತಿಲ್ಲ. ಎರಡು ನಿಮಿಷವಾಯಿತು. ಈಗ ಒಬ್ಬ ಮುದುಕಿ ಫೋನು ಕೈಗೆ ತೆಗೆದುಕೊಂಡಳು. ಯವ್ವಾ ಅಂದಳು, ಉಸಿರು ಎಳೆದುಕೊಂಡಳು, ನನ್ನ ಸಣ್ಣ ಮಗ ಅಂದಳು, ಅಲ್ಲಿಂದ ಬರೂತನ ಅವರಪ್ಪನ ಮಾರಿ ಉಳೀಬೇಕವ್ವಾ, ಕಳಸು ಅಂದಳು.