ಹೊಸ ಜೆರ್ಸಿಯ ಫೋಟೋ

ಜೂನ್ 3, ಸೋಮವಾರ

ಬೆಳಗ್ಗೆ ಪ್ರಾಕ್ಟೀಸ್. ಎಡಗಡೆ ಹುಲ್ಲು ಮತ್ತೆ ಕಿತ್ತುಬಂದಿದೆ, ಮಾಲಿಗೆ ಹೇಳಬೇಕು. ಭಾವ ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದು ಗೋಲಿಗೆ ಬಲೆ ಕಟ್ಟುತ್ತಿದ್ದ.

ಮಧ್ಯಾಹ್ನ ಡೈರೆಕ್ಟರ್ ಕರೆದರು. ಭಾವನನ್ನು ತಂಡದಿಂದ ಬಿಡುತ್ತಾರಂತೆ. "ಮೂವತ್ತೇಳಾಯ್ತು, ಮಂಡಿ ಸವೆದಿದೆ. ಕ್ಲಬ್ ಏನು ಧರ್ಮಛತ್ರಾನಾ? ಶುಕ್ರವಾರ ಆಟಗಾರರ ರಿಜಿಸ್ಟ್ರೇಷನ್ ಮುಗಿಯೋ ತನಕ ಬಾಯಿ ಬಿಡ್ಬೇಡಿ. ಗೊತ್ತಾದ್ರೆ ನದಿಯಾಚೆ ಕ್ಲಬ್ಬಿಗೆ ಹೋಗಿ ನಮ್ಮೆದುರೇ ಗೋಲ್ ಕಾಯ್ತಾನೆ."

ತಲೆಯಾಡಿಸಿದೆ. ನನ್ನನ್ನು ಈ ಕ್ಲಬ್ಬಿಗೆ ಕರೆತಂದವನೇ ಅವನು. ಮನೆಯಲ್ಲಿ ಹೆಂಡತಿಯ, ಅವನ ತಂಗಿಯ, ಮುಖ ನೋಡಲಾಗಲಿಲ್ಲ.

ಜೂನ್ 4

ಹೊಸ ಜೆರ್ಸಿಯ ಫೋಟೋ. ಪಟ್ಟಿಯಲ್ಲಿ ಭಾವನ ಹೆಸರು ಇರಲಿಲ್ಲ. ಬಿಟ್ಟರೆ ಅನುಮಾನ ಬರುತ್ತದೆ, ಅವನದೂ ಒಂದು ತೆಗೆಸೋಣ ಎಂದು ನಾನೇ ಹೇಳಿದೆ... ಯಾರೂ ಕೇಳಿರಲಿಲ್ಲ. "ತಲೆ ಇದೆ ರೀ ನಿಮಗೆ" ಎಂದು ಡೈರೆಕ್ಟರ್ ಮೆಚ್ಚಿದರು.

ಜೆರ್ಸಿ ಅವನ ಜಾಗಕ್ಕೆ ಬರುವ ಹೊಸ ಕೀಪರ್ ಅಳತೆಯದು, ದೊಗಲೆ. ಬೆನ್ನಿಗೆ ಕ್ಲಿಪ್ ಹಾಕಿ ಬಿಗಿ ಮಾಡಿದೆ. "ಮ್ಯಾನೇಜರ್ ಸಾಹೇಬ್ರೇ, ಮದುಮಗನ ಥರ ಕಾಣ್ತಿದೀನಾ?" ಎಂದ ಭಾವ. ನಕ್ಕೆ. ಥೂ.

ಜೂನ್ 5, ಸಂಜೆ

ಭಾವ ಮನೆಗೆ ಬಂದ. ನದಿಯಾಚೆ ಕ್ಲಬ್ಬಿನಿಂದ ಆಫರ್ — ಎರಡು ಸೀಸನ್ ಆಟ, ಆಮೇಲೆ ಕೋಚ್ ಕೆಲಸ. "ಏನ್ ಮಾಡ್ಲಿ? ನೀನೇ ಹೇಳು."

"ನಿನ್ನಿಷ್ಟ" ಎಂದೆ.

ಇವಳು ನಕ್ಕಳು. "ಅಣ್ಣ ಎಲ್ಲಿಗೆ ಹೋಗ್ತಾನೆ ಬಿಡ್ರೀ. ಆ ಗೋಲ್‌ಪೋಸ್ಟನ್ನೇ ಕಟ್ಕೊಂಡಿದಾನೆ. ಅತ್ತಿಗೆ ಎರಡನೇ ಹೆಂಡ್ತಿ!"

ನನ್ನ ಎದುರಿಗೇ ಅವರಿಗೆ ಫೋನ್ ಮಾಡಿದ. "ಬೇಡ ಸಾರ್. ಉಪ್ಪು ತಿಂದ ಮನೆಗೆ ಎರಡು ಬಗೀಬಾರ್ದು. ಇಲ್ಲಿ ಫೋಟೋನೂ ತೆಗೆದಾಯ್ತು." ಆಗಲೇ ಹೇಳಬಹುದಿತ್ತು. ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟುಕೊಂಡು ಅಲ್ಲೇ ನಿಂತೆ, ಹೇಡಿ.

ಜೂನ್ 7

ರಿಜಿಸ್ಟ್ರೇಷನ್ ಮುಗಿಯಿತು. ಇನ್ನು ಈ ಸೀಸನ್ ಅವನು ಬೇರೆ ಕ್ಲಬ್ಬಿಗೂ ಹೋಗುವಂತಿಲ್ಲ.

ಜೂನ್ 8

ಹೇಳಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ, ಅವನು ಬೂಟು ಬಿಚ್ಚುತ್ತಿದ್ದಾಗ. ಬಿಚ್ಚಿದ ಬೂಟನ್ನು ಪಕ್ಕಕ್ಕಿಟ್ಟ. ಆಮೇಲೆ ನನ್ನ ಭುಜ ಹಿಡಿದ. "ನಿಂಗೂ ಮುಚ್ಚಿಟ್ಟಿದ್ರಾ? ಪಾಪ, ನಿನ್ನ ಕೈಯಿಂದ್ಲೇ ಹೇಳಿಸ್ತಾರಲ್ಲೋ, ಏನ್ ಜನ!"

ಹೂಂ ಎಂದೆ. ನನ್ನ ಬಾಯಿಗೆ ಮಣ್ಣು ಹಾಕ.

ಜೂನ್ 10

ಭಾವ ಡೈರೆಕ್ಟರ್ ಹತ್ತಿರ ಜಗಳಕ್ಕೆ ಹೋದ — ತನಗಾಗಿ ಅಲ್ಲ, ನನಗಾಗಿ. "ನಂದು ಬಿಡು. ನಿನ್ನನ್ನ ಯಾಕೆ ಮಧ್ಯ ಎಳೆದ್ರು, ಆ ಫೋಟೋ ನಾಟಕ ಯಾಕೆ ಅಂತ ಕೇಳ್ತೀನಿ." ಬೇಡ, ಬೇಡ ಎಂದು ತೋಳು ಹಿಡಿದುಕೊಂಡೆ. ಕೊಡವಿ ಹೋದ.

ಡೈರೆಕ್ಟರ್ ಯಾಕೆ ಮುಚ್ಚಿಡುತ್ತಾರೆ? ಫೋಟೋ ನನ್ನ ಐಡಿಯಾ ಎಂದು ಹೊಗಳಿಯೇ ಹೇಳಿರುತ್ತಾರೆ.

ವಾಪಸ್ ಬಂದು ನನ್ನ ಆಫೀಸಿನ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ.

"ತಂಗಿಗೆ ಹೇಳ್ಬೇಡ. ಅವಳು ನಿನ್ ಜೊತೆ ಬಾಳ್ಬೇಕು" ಎಂದ.

ಈಗ ಇವಳು ಕೇಳುತ್ತಿದ್ದಾಳೆ, "ಅಣ್ಣ ಯಾಕೆ ಫೋನೇ ಎತ್ತುತ್ತಿಲ್ಲ? ಏನಾಯ್ತು ರೀ?"

ಏನಿಲ್ಲ ಎಂದೆ. "ಬೇಜಾರಲ್ಲಿರಬೇಕು. ಕ್ಲಬ್ಬಿನವರು ನಮ್ಮಿಬ್ರಿಗೂ ಹೀಗೆ ಮೋಸ ಮಾಡಿ—"